ಲೆಕ್ಕಕ್ಕೆ ಬಂದವನು

ಒಂದು ಸನ್ನೆ ಎಷ್ಟೋ ವರ್ಷಗಳಿಂದ ನನ್ನ ಕಣ್ಣಿಗೆ ಕಟ್ಟಿಕೊಂಡಿದೆ. ಎಡ ಅಂಗೈಯನ್ನು ಬಟ್ಟಲಿನಂತೆ ಮಡಿಸಿ, ಬಲಗೈಯ ಎರಡು ಬೆರಳುಗಳಿಂದ ಅದರೊಳಗೆ ಏನನ್ನೋ ಮೆಲ್ಲಗೆ ಒತ್ತುವ ಸನ್ನೆ. ಕೈಯಲ್ಲಿ ಏನೂ ಇರಲಿಲ್ಲ. ಆದರೂ ನನ್ನ ಸುತ್ತ ಕುಳಿತಿದ್ದ ಸಾವಿರಾರು ಜನ ಎದ್ದು ನಿಂತು ಅದೇ ಸನ್ನೆಯನ್ನು ಅವನಿಗೆ ತಿರುಗಿ ಮಾಡಿದರು.

2019ರ ಜುಲೈ ತಿಂಗಳ ಒಂದು ಸಂಜೆ, ಚೀಬಾದ ಮರೀನ್ ಕ್ರೀಡಾಂಗಣದಲ್ಲಿ. ನಾನು ಜಪಾನಿಗೆ ಬಂದು ಒಂದು ವರ್ಷವಾಗಿತ್ತು. ಟೋಕಿಯೊ ಕೊಲ್ಲಿಯ ಅಂಚಿನಲ್ಲೇ ಆ ಕ್ರೀಡಾಂಗಣ ಇರುವುದರಿಂದ ಸಮುದ್ರದ ಗಾಳಿ ಒಳಗೆ ನುಗ್ಗಿ ಸುತ್ತುತ್ತದೆ. ಮೇಲಕ್ಕೆ ಹೋದ ಚೆಂಡು ಎಲ್ಲಿ ಬೀಳುತ್ತದೆ ಎಂದು ಆಟಗಾರರಿಗೇ ಒಮ್ಮೊಮ್ಮೆ ತಿಳಿಯುವುದಿಲ್ಲ. ಬೆನ್ನಿಗೆ ಬಿಯರ್ ಪೀಪಾಯಿ ಹೊತ್ತ ಹುಡುಗಿಯರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ನನ್ನನ್ನು ಕರೆದುಕೊಂಡು ಹೋದವರು ಕಚೇರಿಯ ಹಿರಿಯ ಸಹೋದ್ಯೋಗಿ, ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಕ್ರಿಕೆಟ್ ನೋಡಿ ಬೆಳೆದ ನನಗೆ ಬೇಸ್‌ಬಾಲ್ ಅರ್ಥವಾಗುತ್ತದೋ ಇಲ್ಲವೋ ಎಂದು ಅವರು ಒಂದು ಕಾಗದದಲ್ಲಿ ನಾಲ್ಕು ಬೇಸುಗಳ ಚೌಕ ಬರೆದು ತಂದಿದ್ದರು.

ಲೋಟ್ಟೆ ಮರೀನ್ಸ್ ತಂಡದ ಒಬ್ಬ ದಪ್ಪ ಮೈಕಟ್ಟಿನ ಅಮೆರಿಕದವನು ಬ್ಯಾಟು ಹಿಡಿದು ಬಂದ. ಮೊದಲ ಸಲ ಮೂರೂ ಚೆಂಡಿಗೆ ಗಾಳಿಯನ್ನು ಹೊಡೆದು ಹೋದ. ಎರಡನೇ ಸಲ ಚೆಂಡು ನೇರ ಮೇಲಕ್ಕೆ ಹೋಗಿ ಎದುರಾಳಿಯ ಕೈಗೆ ಬಿತ್ತು. ಪಕ್ಕದ ಸಾಲಿನ ಒಬ್ಬ ಮುದುಕರು ತಲೆಯಾಡಿಸಿದರು, ಆದರೆ ಬೈಯಲಿಲ್ಲ. ಮೂರನೇ ಸಲ ಬ್ಯಾಟಿನಿಂದ ಬಂದ ಸದ್ದೇ ಬೇರೆ. ಒಣಗಿದ ತೆಂಗಿನಕಾಯಿಯನ್ನು ಕಲ್ಲಿನ ಮೇಲೆ ಒಂದೇ ಏಟಿಗೆ ಒಡೆದಾಗ ಬರುವಂಥ ಸದ್ದು. ಚೆಂಡು ಎಡಗಡೆಯ ಪ್ರೇಕ್ಷಕರ ನಡುವೆ ಹೋಗಿ ಬಿತ್ತು. ಅವನು ನಾಲ್ಕು ಬೇಸುಗಳನ್ನು ಸುತ್ತಿ ಬಂದು, ಕ್ಯಾಮೆರಾದ ಮುಂದೆ ನಿಂತು, ಇಲ್ಲದ ಅನ್ನದ ಮೇಲೆ ಇಲ್ಲದ ಮೀನನ್ನು ಇಟ್ಟು ಒತ್ತಿದ. ಸುಶಿ. ಹೋಮ್ ರನ್ ಹೊಡೆದಾಗಲೆಲ್ಲ ಬ್ರ್ಯಾಂಡನ್ ಲೇರ್ಡ್ ಹೀಗೆ ಜನರಿಗೆ ಸುಶಿ ಮಾಡಿ ಬಡಿಸುತ್ತಾನೆ ಎಂದು ಸಹೋದ್ಯೋಗಿ ಹೇಳಿದರು. ಅವರು ಮಾತ್ರ ಎದ್ದು ನಿಲ್ಲಲಿಲ್ಲ. ಕಾರಣ ನನಗೆ ಆಮೇಲೆ ತಿಳಿಯಿತು.

ಮನೆಗೆ ಬಂದು ಅವನ ಹಿಂದಿನ ಕಥೆ ಓದಿದೆ. ನನಗಿಂತ ಒಂದು ವರ್ಷ ಚಿಕ್ಕವನು, 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವನು. ಅಮೆರಿಕದಲ್ಲಿ ಅವನಂಥವರಿಗೆ ಇರುವ ಹೆಸರು ಯುಟಿಲಿಟಿ ಆಟಗಾರ, ಅಂದರೆ ಯಾವ ಜಾಗ ಖಾಲಿಯಾದರೂ ಅಲ್ಲಿಗೆ ಒದಗುವವನು. ಆ ಪದ ಓದಿದಾಗ ನನ್ನ ಹೊಟ್ಟೆಯಲ್ಲಿ ಏನೋ ಕದಲಿತು. ಆ ಪದದ ಕನ್ನಡ ನನಗೆ ಏಳನೇ ವಯಸ್ಸಿನಿಂದ ಗೊತ್ತು.

ತಿಪಟೂರಿನ ಬೀದಿ

ನಮ್ಮ ಮನೆಯ ಮುಂದಿನ ಬೀದಿಯಲ್ಲಿ ಅಣ್ಣ, ದೊಡ್ಡಪ್ಪನ ಮಕ್ಕಳು, ಪಕ್ಕದ ಮನೆಯ ಹುಡುಗರು ಸೇರಿ ಕ್ರಿಕೆಟ್ ಆಡುತ್ತಿದ್ದರು. ಒಂಬತ್ತು ಜನ. ನಾಲ್ಕು ನಾಲ್ಕು ಮಂದಿಯ ಎರಡು ತಂಡವಾದರೆ ಒಬ್ಬರು ಉಳಿಯುತ್ತಿದ್ದರು, ಆ ಉಳಿದ ಒಬ್ಬಳು ಯಾವಾಗಲೂ ನಾನು. ‘ನೀನು ಎರಡೂ ಕಡೆ ಆಡು ಪುಟ್ಟಿ, ನಿನಗೇ ಲಾಭ’ ಎಂದು ಅಣ್ಣ ಹೇಳುತ್ತಿದ್ದ. ಎರಡೂ ತಂಡಕ್ಕೂ ನಾನು ಚೆಂಡು ಹೆಕ್ಕಿ ಕೊಡುತ್ತಿದ್ದೆ. ಕೊಬ್ಬರಿ ಕಾಯಿಯ ಅಟ್ಟಕ್ಕೆ ಚೆಂಡು ಹೋದರೆ ಹತ್ತುವವಳು ನಾನು, ಚರಂಡಿಗೆ ಬಿದ್ದರೆ ಕೈಹಾಕುವವಳು ನಾನು. ಕತ್ತಲಾಗುವ ಮುಂಚೆ ಕೊನೆಗೆ ಬ್ಯಾಟು ಕೊಟ್ಟರೆ, ಹೊಡೆದ ಓಟವೂ ಯಾರ ಖಾತೆಗೂ ಸೇರುತ್ತಿರಲಿಲ್ಲ, ಔಟಾದರೂ ಯಾರಿಗೂ ನಷ್ಟವಿರಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಕನ್ನಡದಲ್ಲಿ ಇಷ್ಟು ಮೃದುವಾಗಿ ಇಷ್ಟು ನೋವಿನ ಮಾತನ್ನು ಹೇಳುವ ಇನ್ನೊಂದು ನುಡಿಗಟ್ಟು ನನಗೆ ಗೊತ್ತಿಲ್ಲ. ಔಟಾದರೂ ನಡೆಯುತ್ತದೆ ಎಂದವರು ನನ್ನ ಮೇಲೆ ಪ್ರೀತಿಯಿಂದಲೇ ಹೇಳಿದರು. ಆದರೆ ಔಟಾಗುವ ಹಕ್ಕಿಲ್ಲದವಳಿಗೆ ಆಡುವ ಹಕ್ಕೂ ಇರುವುದಿಲ್ಲ ಎಂದು ಆ ವಯಸ್ಸಿನಲ್ಲೇ ನನಗೆ ಅನ್ನಿಸುತ್ತಿತ್ತು.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಆರು ವರ್ಷ ನಾನು ಅದೇ ಬೀದಿಯಲ್ಲಿ ನಿಂತಿದ್ದೆ. ಯಾರೋ ಹೆರಿಗೆ ರಜೆಗೆ ಹೋದರೆ ಅವರ ಕೆಲಸ, ಯಾರೋ ಕೆಲಸ ಬಿಟ್ಟರೆ ಹೊಸಬರು ಬರುವವರೆಗೆ ಅವರ ಕೆಲಸ, ಸ್ವಲ್ಪ ಜಪಾನಿ ಕಲಿತಿದ್ದೆನಾದ್ದರಿಂದ ರಾತ್ರಿ ಬರುವ ಪತ್ರಗಳ ಅನುವಾದ. ‘ನೀನಿದ್ದರೆ ನನಗೆ ಚಿಂತೆಯೇ ಇಲ್ಲಮ್ಮ’ ಎಂದು ಮೇಲಧಿಕಾರಿ ಪ್ರತಿ ಸಲ ಹೇಳುತ್ತಿದ್ದರು. ಬಡ್ತಿಯ ಪಟ್ಟಿ ಬಂದಾಗ ಅವರೇ, ‘ನಿನ್ನ ಕೆಲಸ ಇಂಥದ್ದೇ ಎಂದು ಮೇಲಿನವರಿಗೆ ತೋರಿಸುವುದು ಕಷ್ಟ’ ಎಂದರು. ಎರಡೂ ಮಾತು ನಿಜವಾಗಿದ್ದವು. ಒಂದೇ ಗುಣವನ್ನು ಒಮ್ಮೆ ಹೊಗಳಿ, ಇನ್ನೊಮ್ಮೆ ಅದರ ಹೆಸರಿನಲ್ಲೇ ಬಾಗಿಲು ಮುಚ್ಚಬಹುದು ಎಂದು ನನಗೆ ಅಂದು ತಿಳಿಯಿತು.

ಲೇರ್ಡ್‌ನ ಮುಂದೆ ಮುಚ್ಚಿದ ಬಾಗಿಲುಗಳಿಗೆ ಹೆಸರುಗಳಿದ್ದವು. 2007ರಲ್ಲಿ ಹೊಸ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸುವ ವಾರ್ಷಿಕ ಆಯ್ಕೆಯಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಅವನನ್ನು ಆಯ್ದುಕೊಂಡದ್ದು 27ನೇ ಸುತ್ತಿನಲ್ಲಿ. ಅಷ್ಟು ಕೆಳಗೆ ಆಯ್ಕೆಯಾದವರಲ್ಲಿ ಹೆಚ್ಚಿನವರು ದೊಡ್ಡ ಲೀಗಿನ ಹುಲ್ಲನ್ನು ಮೆಟ್ಟುವುದೇ ಇಲ್ಲ. ಅವನು ಮೆಟ್ಟಿಲು ಹತ್ತುತ್ತ ಬಂದ. 2010ರಲ್ಲಿ ಎರಡನೇ ದರ್ಜೆಯ ಈಸ್ಟರ್ನ್ ಲೀಗಿನ ಅತ್ಯುತ್ತಮ ಆಟಗಾರನಾದ. ಅವನ ಜಾಗ ಮೂರನೇ ಬೇಸ್. ಆದರೆ ಯಾಂಕೀಸ್‌ನ ಮೂರನೇ ಬೇಸಿನಲ್ಲಿ ಅಲೆಕ್ಸ್ ರಾಡ್ರಿಗಸ್ 2008ರಿಂದ ಹತ್ತು ವರ್ಷಗಳ ಒಪ್ಪಂದದೊಂದಿಗೆ ನಿಂತಿದ್ದ. ಮೊದಲ ಬೇಸಿಗೆ ಹೋಗೋಣವೆಂದರೆ ಅಲ್ಲಿ ಮಾರ್ಕ್ ಟೆಕ್ಸೇರಾ, ಎಂಟು ವರ್ಷಗಳ ಒಪ್ಪಂದ. ಹೀಗಾಗಿ ಅವನಿಗೆ ಔಟ್‌ಫೀಲ್ಡಿನಲ್ಲೂ ಓಡುವುದನ್ನು ಕಲಿಸಿದರು. 2011ರ ಜುಲೈಯಲ್ಲಿ ದೊಡ್ಡ ತಂಡಕ್ಕೆ ಕರೆ ಬಂತು, ಆಡಿದ್ದು ಬೆರಳೆಣಿಕೆಯ ಪಂದ್ಯ. 2012ರಲ್ಲಿ ಹ್ಯೂಸ್ಟನ್ ತಂಡಕ್ಕೆ ಹೋದ. ಮೂರು ಋತುಗಳಲ್ಲಿ ಎಲ್ಲ ಸೇರಿ ಅರವತ್ತಕ್ಕಿಂತ ಕಡಿಮೆ ಪಂದ್ಯ. 2014 ಪೂರ್ತಿ ವಾಷಿಂಗ್ಟನ್ ತಂಡದ ಕೆಳಗಿನ ಸಿರಕ್ಯೂಸ್‌ನಲ್ಲಿ ಕಳೆದ. ಮೇಲಿನಿಂದ ಕರೆ ಬರಲಿಲ್ಲ. ಅವನ ಅಣ್ಣ ಜೆರಾಲ್ಡ್ ಲೇರ್ಡ್ ಹತ್ತಕ್ಕೂ ಹೆಚ್ಚು ವರ್ಷ ದೊಡ್ಡ ಲೀಗಿನಲ್ಲಿ ಕ್ಯಾಚರ್ ಆಗಿದ್ದವನು, 2011ರಲ್ಲಿ ಸೇಂಟ್ ಲೂಯಿಸ್ ತಂಡದೊಂದಿಗೆ ವಿಶ್ವ ಸರಣಿ ಗೆದ್ದವನು. ಕ್ಯಾಚರ್‌ಗೆ ಒಂದು ಜಾಗವಿರುತ್ತದೆ, ಆ ಜಾಗಕ್ಕೆ ಬೇರೆಯೇ ಕವಚ, ಬೇರೆಯೇ ಗ್ಲೌಸ್. ತಮ್ಮ ಎಷ್ಟು ಸಲ ಅದನ್ನು ನೋಡಿ ಸುಮ್ಮನಾಗಿರಬೇಕು ಎಂದು ಯೋಚಿಸುತ್ತೇನೆ. ನನಗೂ ಅಣ್ಣನಿದ್ದಾನೆ, ಅವನೇ ತಂಡ ಹಂಚುತ್ತಿದ್ದವನು.

ಅಪರೂಪಕ್ಕೊಮ್ಮೆ ಆಡುವವನ ಕಷ್ಟ ಬ್ಯಾಟಿಂಗಿನಲ್ಲೇ ಹೆಚ್ಚು ಕಾಣುತ್ತದೆ. ಬೇಸ್‌ಬಾಲಿನಲ್ಲಿ ಚೆಂಡು ಕೈಬಿಟ್ಟು ಬ್ಯಾಟಿಗೆ ಬರುವುದಕ್ಕೆ ಅರ್ಧ ಸೆಕೆಂಡು ಕೂಡ ಇರುವುದಿಲ್ಲ. ಕಣ್ಣು, ಸೊಂಟ, ಮಣಿಕಟ್ಟು ಮೂರೂ ಒಂದೇ ತಾಳಕ್ಕೆ ಬರಬೇಕು, ಆ ತಾಳ ದಿನಾ ಆಡಿದರೆ ಮಾತ್ರ ನಿಲ್ಲುತ್ತದೆ. ಐದು ದಿನ ಬೆಂಚಿನಲ್ಲಿ ಕುಳಿತು ಆರನೇ ದಿನ ಒಂದೇ ಅವಕಾಶ ಸಿಕ್ಕವನು ಆ ಒಂದರಲ್ಲೇ ಎಲ್ಲವನ್ನೂ ತೋರಿಸಲು ಹೋಗಿ ಕೆಟ್ಟ ಚೆಂಡಿಗೆ ಕೈ ಚಾಚುತ್ತಾನೆ. ಆಮೇಲೆ ಅಂಕಿ ಅಂಶ ನೋಡಿದವರು, ಇವನಿಂದ ಆಗುವುದಿಲ್ಲ ಎನ್ನುತ್ತಾರೆ. ಅವಕಾಶದ ಕೊರತೆಯಿಂದ ಹುಟ್ಟಿದ ಅಂಕಿಯನ್ನೇ ಅವಕಾಶ ಕೊಡದಿರಲು ಕಾರಣವಾಗಿ ತೋರಿಸುವುದು ಎಷ್ಟು ಅನ್ಯಾಯ!

ಸುಕೆತ್ತೊ

ಹಾಗೆಂದು ಜಪಾನ್ ಇಂಥವರಿಗೆ ತೋಳು ಚಾಚಿ ಕಾದಿದೆ ಎಂದು ನಾನು ಬರೆಯಲಾರೆ. ಇಲ್ಲಿ ವಿದೇಶಿ ಆಟಗಾರನನ್ನು ‘ಸುಕೆತ್ತೊ’ ಎನ್ನುತ್ತಾರೆ. ಸಹಾಯಕ್ಕೆ ಬಂದವನು ಎಂದು ಅರ್ಥ. ಆ ಪದವನ್ನು ನನಗೆ ವಿವರಿಸುವಾಗ ಸಹೋದ್ಯೋಗಿ ಒಂದು ಕ್ಷಣ ನಿಲ್ಲಿಸಿ ನನ್ನ ಮುಖ ನೋಡಿದರು. ನಾನೂ ಈ ಕಚೇರಿಗೆ ಭಾರತದ ತಂಡಕ್ಕೂ ಇಲ್ಲಿಯ ತಂಡಕ್ಕೂ ಸೇತುವೆಯಾಗಿ ಬಂದವಳು. ನನ್ನ ಹುದ್ದೆಯ ಹೆಸರೇ ಬ್ರಿಡ್ಜ್ ಎಂಜಿನಿಯರ್. ಸೇತುವೆಯ ಮೇಲೆ ಜನ ದಾಟುತ್ತಾರೆ, ನಿಲ್ಲುವುದಿಲ್ಲ.

ಸುಕೆತ್ತೊಗೆ ಸಮಯ ಬಹಳ ಕಡಿಮೆ. ಇಲ್ಲಿ ಎರಡು ಲೀಗುಗಳಲ್ಲಿ ಹಂಚಿಕೊಂಡು ಆಡುವುದು ಹನ್ನೆರಡೇ ತಂಡ; ಲೇರ್ಡ್ ಬಂದಾಗ ಮೊದಲ ತಂಡದಲ್ಲಿ ನಾಲ್ಕೇ ವಿದೇಶಿಯರಿಗೆ ಜಾಗವಿತ್ತು. ಸಹಾಯಕ್ಕೆಂದೇ ಕರೆಸಿದವನು ಸಹಾಯ ಮಾಡದಿದ್ದರೆ ಎರಡನೇ ತಂಡಕ್ಕೆ ಇಳಿಸುತ್ತಾರೆ, ಋತು ಮುಗಿದ ಮೇಲೆ ವಿಮಾನದ ಚೀಟಿ. ದೊಡ್ಡ ಹೆಸರು ಕೂಡ ಕಾಯುವುದಿಲ್ಲ. ಬೋಸ್ಟನ್ ತಂಡದಲ್ಲಿ ಹನ್ನೆರಡು ವರ್ಷ ಮೆರೆದ ಮೈಕ್ ಗ್ರೀನ್‌ವೆಲ್ 1997ರಲ್ಲಿ ಹಾನ್‌ಶಿನ್ ಟೈಗರ್ಸ್‌ಗೆ ಬಂದು ಏಳು ಪಂದ್ಯ ಆಡಿ, ಕಾಲಿನ ಮೂಳೆ ಮುರಿದುಕೊಂಡು ಮನೆಗೆ ಹೋದ. ಗೆದ್ದವರೂ ಇದ್ದಾರೆ: ಪಿಟ್ಸ್‌ಬರ್ಗ್‌ನಲ್ಲಿ ಮೊದಲ ಬೇಸು, ಮೂರನೇ ಬೇಸು, ಔಟ್‌ಫೀಲ್ಡಿನ ಎರಡೂ ಮೂಲೆ ಎಂದು ಸುತ್ತಾಡಿದ ವೆನೆಜುವೆಲಾದ ಹೊಸೆ ಒಸೂನಾ 2021ರಲ್ಲಿ ಯಾಕುಲ್ಟ್ ತಂಡಕ್ಕೆ ಬಂದು ಮೊದಲ ವರ್ಷವೇ ಜಪಾನ್ ಸರಣಿ, ಅಂದರೆ ಎರಡೂ ಲೀಗುಗಳ ನಡುವಿನ ಅಂತಿಮ ಹಣಾಹಣಿ, ಗೆದ್ದ ತಂಡದಲ್ಲಿದ್ದ. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಲೇರ್ಡ್‌ನ ಮೊದಲ ವರ್ಷಕ್ಕೆ, ಏಕೆಂದರೆ ಅವನು ಮೊದಲ ವರ್ಷದ ಅರ್ಧಭಾಗ ಸೋತಿದ್ದ.

2015. ಹೊಕ್ಕಾಯ್‌ಡೋದ ನಿಪ್ಪೊನ್ ಹ್ಯಾಮ್ ಫೈಟರ್ಸ್. ಅವನನ್ನು ಮೂರನೇ ಬೇಸಿನಲ್ಲಿ ನಿಲ್ಲಿಸಿದರು. ಇಲ್ಲಿಯ ಬೌಲರುಗಳು (ಪಿಚರ್ ಎನ್ನಬೇಕು, ನನ್ನ ನಾಲಿಗೆ ಇನ್ನೂ ಒಪ್ಪುತ್ತಿಲ್ಲ) ಅಮೆರಿಕದವನು ವೇಗದ ಚೆಂಡನ್ನು ಕಾಯುತ್ತಾನೆಂದು ತಿಳಿದೇ ಬಾಗುವ ಚೆಂಡು, ಬ್ಯಾಟಿನ ಬಳಿ ಬಂದು ಕುಸಿಯುವ ಚೆಂಡು ಹಾಕುತ್ತಾರೆ. ಅವನ ಸರಾಸರಿ ತಿಂಗಳುಗಟ್ಟಲೆ 0.200ರ ಆಸುಪಾಸಿನಲ್ಲಿ ತೆವಳಿತು, ಅಂದರೆ ಐದಕ್ಕೆ ನಾಲ್ಕು ಸಲ ಬರಿಗೈ. ನಾಳೆ ಇವನ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ ಎಂದು ಜನ ಎಣಿಸುತ್ತಿದ್ದ ಕಾಲ. ಆದರೆ ಮರುದಿನವೂ ಅವನ ಹೆಸರಿತ್ತು, ಅದೇ ಮೂರನೇ ಬೇಸಿನ ಎದುರು. ಅದರ ಮರುದಿನವೂ. 143 ಪಂದ್ಯಗಳ ಆ ಋತು ಮುಗಿಯುವಾಗ ಸರಾಸರಿ 0.231, ಹೋಮ್ ರನ್ 34. ಸರಾಸರಿಯ ಅಂಕಿ ಈಗಲೂ ಸುಂದರವಾಗಿಲ್ಲ. ಸೋಲು ಕಡಿಮೆಯಾದದ್ದು ಸ್ವಲ್ಪವೇ. ಸೋತ ಮರುದಿನವೂ ಆಡುವುದು ಖಚಿತವಾಗಿದ್ದರಿಂದ ಅವನ ಕೈಗೆ ಧೈರ್ಯ ಬಂತು ಎಂದು ನಾನು ತಿಳಿಯುತ್ತೇನೆ.

ಅದಕ್ಕೆ ಕಾರಣ ಒಬ್ಬ ಮನುಷ್ಯ, ತಂಡದ ವ್ಯವಸ್ಥಾಪಕ ಹಿದೆಕಿ ಕುರಿಯಾಮ. ಅವರ ಬಗ್ಗೆ ಓದಿದಷ್ಟೂ ನನಗೆ ಗೌರವ ಹೆಚ್ಚುತ್ತದೆ. ಅವರು ಓದಿದ್ದು ಶಿಕ್ಷಕರನ್ನು ತಯಾರು ಮಾಡುವ ಟೋಕಿಯೊದ ವಿಶ್ವವಿದ್ಯಾಲಯದಲ್ಲಿ. ಯಾವ ತಂಡವೂ ಕರೆಯದಿದ್ದಾಗ ಪರೀಕ್ಷೆ ಕೊಟ್ಟು ಯಾಕುಲ್ಟ್ ತಂಡ ಸೇರಿದರು, ತಲೆಸುತ್ತು ಬರಿಸುವ ಮೆನಿಯೆರ್ ಕಾಯಿಲೆಯಿಂದ ನರಳುತ್ತ ಏಳು ವರ್ಷ ಆಡಿ 1990ರಲ್ಲಿ ನಿಲ್ಲಿಸಿದರು. ಅಂಚಿನಲ್ಲಿ ನಿಂತು ಆಡಿದವರಿಗೆ ಅಂಚಿನಲ್ಲಿ ನಿಂತವನು ಕಾಣುತ್ತಾನೆ. ಎಲ್ಲರಿಗೂ ಕಾಣುವುದಿಲ್ಲ; ಅಂಚಿನಿಂದ ಒಳಗೆ ಬಂದ ಕೂಡಲೇ ಹಿಂದಿನದನ್ನು ಮರೆಯುವವರೇ ಹೆಚ್ಚು.

ಒಂದೇ ತಂಡದ ಇಬ್ಬರು

ಅದೇ ತಂಡದಲ್ಲಿ ಅದೇ ಕಾಲಕ್ಕೆ ಶೊಹೇ ಒಹ್ತಾನಿ ಇದ್ದ. ಚೆಂಡು ಎಸೆಯುವುದು, ಬ್ಯಾಟು ಬೀಸುವುದು ಎರಡನ್ನೂ ಮಾಡುತ್ತೇನೆ ಎಂದ ಹುಡುಗನಿಗೆ ಹಿರಿಯ ಆಟಗಾರರೆಷ್ಟೋ ಮಂದಿ ಒಂದನ್ನು ಬಿಡು ಎಂದರು. ಕುರಿಯಾಮ ಎರಡನ್ನೂ ಮಾಡು ಎಂದರು. 2016ರಲ್ಲಿ ಅವನು ಹತ್ತು ಪಂದ್ಯ ಗೆಲ್ಲಿಸಿದ, 22 ಹೋಮ್ ರನ್ ಹೊಡೆದ. ಇದು ನನ್ನನ್ನು ಬಹಳ ದಿನ ಕಾಡಿತು. ಒಬ್ಬನಿಗೆ ಎರಡು ಕೆಲಸ ಕೊಟ್ಟ ಮನುಷ್ಯ ಇನ್ನೊಬ್ಬನನ್ನು ಒಂದೇ ಕೆಲಸದಲ್ಲಿ ಏಕೆ ನಿಲ್ಲಿಸಿದರು? ಯುಟಿಲಿಟಿ ಎನ್ನುವುದು ಕೆಟ್ಟದ್ದಾದರೆ ಒಹ್ತಾನಿ ಏನು?

ಒಹ್ತಾನಿಯ ಎರಡೂ ಕೆಲಸಗಳು ಅವನವು. ಇಂದು ಎಸೆಯುತ್ತಾನೆ, ನಾಳೆ ಬ್ಯಾಟು ಹಿಡಿಯುತ್ತಾನೆ ಎಂದು ಮೊದಲೇ ಗೊತ್ತು, ಅವನಿಗಾಗಿ ತಂಡದ ಪಟ್ಟಿ ಬದಲಾಗುತ್ತದೆ. ಅಮೆರಿಕದ ಬೆಂಚಿನಲ್ಲಿ ಕುಳಿತ ಲೇರ್ಡ್‌ನ ನಾಲ್ಕು ಕೆಲಸಗಳು ನಾಲ್ಕೂ ಬೇರೆಯವರವು. ಅವರಿಗೆ ಕಾಲು ನೋವಾದರೆ ಇವನ ಆಟ, ಅವರು ಗುಣವಾದರೆ ಇವನ ಬೆಂಚು. ಬೆಂಗಳೂರಿನಲ್ಲಿ ನಾನು ಎಷ್ಟು ಕೆಲಸ ಮಾಡಿದೆ ಎನ್ನುವುದಕ್ಕಿಂತ, ಆ ಒಂದೊಂದು ಕೆಲಸದ ಮೇಲೂ ಇನ್ಯಾರದೋ ಹೆಸರು ಇತ್ತು ಎನ್ನುವುದೇ ನನ್ನನ್ನು ಸವೆಸಿತು. ಇದನ್ನು ನಾನು ಅರ್ಥ ಮಾಡಿಕೊಳ್ಳಲು ಒಂದು ಗೊತ್ತಿಲ್ಲದ ಆಟವನ್ನು ಪರದೇಶದಲ್ಲಿ ನೋಡಬೇಕಾಯಿತು.

ಸಹೋದ್ಯೋಗಿ ಅಂದು ಏಕೆ ಎದ್ದು ನಿಲ್ಲಲಿಲ್ಲ ಎಂಬುದು ಒಂದು ಮಧ್ಯಾಹ್ನ ಊಟದ ಹೊತ್ತಿಗೆ ತಿಳಿಯಿತು. ಅವರು ಹಿರೋಶಿಮಾದವರು. ಅಲ್ಲಿಯ ಕಾರ್ಪ್ ತಂಡ 2016ರಲ್ಲಿ 25 ವರ್ಷಗಳ ನಂತರ ತನ್ನ ಲೀಗ್ ಗೆದ್ದಿತ್ತು. ಜಪಾನ್ ಸರಣಿಯನ್ನು ಕೊನೆಯ ಸಲ ಗೆದ್ದದ್ದು 1984ರಲ್ಲಿ, ಅಂದಿನಿಂದ ಕಾದಿತ್ತು. ಎದುರಾಳಿ ಫೈಟರ್ಸ್. ಮೊದಲ ಎರಡು ಪಂದ್ಯ ಹಿರೋಶಿಮಾಕ್ಕೆ, ಮುಂದಿನ ಮೂರು ಫೈಟರ್ಸ್‌ಗೆ. ಆರನೇ ಪಂದ್ಯಕ್ಕೆ ಮತ್ತೆ ಹಿರೋಶಿಮಾ. ಸಹೋದ್ಯೋಗಿಯ ತಂದೆ ಆಗ ಹಾಸಿಗೆ ಹಿಡಿದಿದ್ದರು, ಮನೆಮಂದಿ ಎಲ್ಲ ಅವರ ಹಾಸಿಗೆಯ ಸುತ್ತ ಟಿವಿ ನೋಡುತ್ತಿದ್ದರು. ಎಂಟನೇ ಸರದಿ, 4–4 ಸಮ. ಇಬ್ಬರು ಔಟಾದ ಮೇಲೆ ಫೈಟರ್ಸ್ ಮೂವರು ಒಬ್ಬರ ಹಿಂದೊಬ್ಬರು ಹೊಡೆದು ಮೂರೂ ಬೇಸು ತುಂಬಿಸಿದರು. ಒಹ್ತಾನಿ ಬ್ಯಾಟು ಹಿಡಿದು ಮುಂದಿನ ಸರದಿಯ ವೃತ್ತದಲ್ಲಿ ಬಂದು ನಿಂತ, ಆಡಲು ಅಲ್ಲ, ಹೆದರಿಸಲು. ಫೈಟರ್ಸ್‌ನ ಮುಂದಿನ ಬ್ಯಾಟುಗಾರ ನಕಾತಾಗೆ ನಾಲ್ಕು ಹೊರಚೆಂಡು ಹೋಗಿ ಒಂದು ಓಟ ಪುಕ್ಕಟೆ ಬಂತು. ಒಹ್ತಾನಿ ಒಳಗೆ ಹೋದ, ಪಿಚರ್ ಬ್ಯಾಸ್ ತಾನೇ ಬ್ಯಾಟು ಹಿಡಿದು ಬಂದು ಹೊಡೆದ. ಆಮೇಲೆ ಲೇರ್ಡ್. ಬೇಸುಗಳು ಇನ್ನೂ ತುಂಬಿದ್ದವು. ಚೆಂಡು ಎಡಗಡೆಯ ಗೋಡೆ ದಾಟಿತು, ಒಂದೇ ಹೊಡೆತಕ್ಕೆ ನಾಲ್ಕು ಓಟ. 10–4, ಸರಣಿ ಫೈಟರ್ಸ್‌ಗೆ. ಆ ವರ್ಷ 39 ಹೋಮ್ ರನ್ನುಗಳೊಂದಿಗೆ ಪೆಸಿಫಿಕ್ ಲೀಗಿನಲ್ಲೇ ಮೊದಲಿಗನಾಗಿದ್ದವನು ಸರಣಿಯ ಅತ್ಯುತ್ತಮ ಆಟಗಾರನೂ ಆದ.

ಸಹೋದ್ಯೋಗಿ ಮೊಬೈಲಿನಲ್ಲಿ ಆ ದೃಶ್ಯ ತೋರಿಸಿದರು. ‘ಅಪ್ಪ ಟಿವಿ ಆರಿಸು ಎನ್ನಲಿಲ್ಲ. ಕಳೆದ ವರ್ಷ ಇವನನ್ನು ಕುರಿಯಾಮ ಕೂರಿಸಲೇ ಇಲ್ಲ, ಆ ಸಾಲವನ್ನು ಇವತ್ತು ತೀರಿಸಿದ ಎಂದರು’ ಎಂದಷ್ಟೇ ಹೇಳಿ ಡಬ್ಬಿ ಮುಚ್ಚಿದರು. ಸೋತ ಮನೆಯಿಂದ ಬಂದ ಈ ಮಾತು ಲೇರ್ಡ್‌ಗೆ ಸಿಕ್ಕ ಎಲ್ಲ ಬಹುಮಾನಕ್ಕಿಂತ ದೊಡ್ಡದು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಈ ಕಚೇರಿಯಲ್ಲಿ ನನ್ನ ಮೊದಲ ಮೂರು ತಿಂಗಳೂ ಚೆನ್ನಾಗಿರಲಿಲ್ಲ. ಗೋದಾಮುಗಳ ಸರಕು ಲೆಕ್ಕ ಇಡುವ ತಂತ್ರಾಂಶದ ಒಂದು ಭಾಗ ನನ್ನ ಪಾಲಿಗೆ ಬಂದಿತ್ತು, ಎರಡು ಸಲ ನನ್ನ ತಪ್ಪಿನಿಂದ ರಾತ್ರಿಯ ಲೆಕ್ಕ ಏರುಪೇರಾಯಿತು. ಎರಡನೇ ಸಲ ನಾನೇ ಹೋಗಿ, ಬೇಕಾದರೆ ನನ್ನನ್ನು ಅನುವಾದದ ಕೆಲಸಕ್ಕೆ ಹಾಕಿ, ಅದು ನನಗೆ ಬರುತ್ತದೆ ಎಂದೆ. ಸಹೋದ್ಯೋಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಳೆ ಆ ಭಾಗವನ್ನು ನನಗೆ ವಿವರಿಸಿ’ ಎಂದರು. ನಾಳೆಯೂ ಅದು ನನ್ನದೇ ಎಂದು ಅವರು ಹೇಳಿದ್ದು ನನಗೆ ರಾತ್ರಿ ರೈಲಿನಲ್ಲಿ ಹೊಳೆಯಿತು.

ಕಾಮಗಾಯಾ

ಲೇರ್ಡ್ ಎಂಟು ಋತು ಇಲ್ಲಿ ಆಡಿದ, ಇನ್ನೂರಕ್ಕೂ ಹೆಚ್ಚು ಹೋಮ್ ರನ್ ಹೊಡೆದ. 2022ರ ನಂತರ ಮರೀನ್ಸ್ ಅವನನ್ನು ಬಿಟ್ಟುಕೊಟ್ಟಿತು. ಕೊನೆಯ ವರ್ಷ ಬ್ಯಾಟು ಏಳಲಿಲ್ಲ, ಲೆಕ್ಕಕ್ಕೆ ಬಂದವನಿಗೆ ಲೆಕ್ಕ ಮುಗಿಯುವುದೂ ಇರುತ್ತದೆ. ಮರುವರ್ಷ ಆಗಸ್ಟಿನಲ್ಲಿ ನಾನು ಒಬ್ಬಳೇ ಕಾಮಗಾಯಾಕ್ಕೆ ಹೋದೆ. ಫೈಟರ್ಸ್‌ನ ಎರಡನೇ ತಂಡ ಇರುವುದು ಹೊಕ್ಕಾಯ್‌ಡೋದಲ್ಲಲ್ಲ, ನಮ್ಮ ಚೀಬಾದ ಈ ಊರಿನಲ್ಲಿ. ದಾರಿಯುದ್ದಕ್ಕೂ ಪೇರ್ ಹಣ್ಣಿನ ತೋಟ, ರಸ್ತೆ ಬದಿಯ ಅಂಗಡಿಗಳಲ್ಲಿ ಬುಟ್ಟಿಗಟ್ಟಲೆ ಹಣ್ಣು. ಒಂದು ಚೀಲ ಕೊಂಡು ಮೈದಾನಕ್ಕೆ ಹೋಗಿ ಕುಳಿತೆ. ಪಂದ್ಯಕ್ಕೆ ಮುಂಚಿನ ಅಭ್ಯಾಸ ನಡೆಯುತ್ತಿತ್ತು.

ಒಬ್ಬ ವಿದೇಶಿ ಆಟಗಾರನಿದ್ದ. ಅವನ ಹೆಸರು ನಾನು ಬೇಕೆಂದೇ ನೋಡಲಿಲ್ಲ. ದುಭಾಷಿಯ ಕಾಲ ಬಳಿ ಹುಲ್ಲಿನ ಮೇಲೆ ಅವನ ಮೂರು ಗ್ಲೌಸ್ ಬಿದ್ದಿದ್ದವು. ಮೊದಲ ಬೇಸಿಗೆ ಬಾಯಿ ಅಗಲವಾದ ದಪ್ಪ ಗ್ಲೌಸ್, ಔಟ್‌ಫೀಲ್ಡಿಗೆ ಉದ್ದದ್ದು, ಮೂರನೇ ಬೇಸಿಗೆ ಚಿಕ್ಕದು. ತರಬೇತುದಾರ ಏನೋ ಕೂಗುತ್ತಿದ್ದರು, ದುಭಾಷಿ ಹೇಳುತ್ತಿದ್ದ, ಅವನು ಓಡಿ ಬಂದು ಗ್ಲೌಸ್ ಬದಲಾಯಿಸಿ ಮತ್ತೆ ಓಡುತ್ತಿದ್ದ. ಹದಿನೈದು ನಿಮಿಷ ಮೊದಲ ಬೇಸು. ಹತ್ತು ನಿಮಿಷ ಎಡ ಔಟ್‌ಫೀಲ್ಡ್. ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಆ ವಿಧೇಯತೆ ನನಗೆ ಚೆನ್ನಾಗಿ ಗೊತ್ತಿದ್ದುದರಿಂದ ನೋಡುವುದು ಕಷ್ಟವಾಯಿತು.

ಅಭ್ಯಾಸ ಮುಗಿಯಿತು, ಎಲ್ಲರೂ ಒಳಗೆ ಹೋದರು. ಮೈದಾನದ ಕೆಲಸಗಾರರು ಮಣ್ಣು ಕೆರೆಯುವ ಹಲುಬೆ, ನೀರಿನ ಪೈಪು ತಂದರು. ಅವನು ಹೋಗಲಿಲ್ಲ. ಚಿಕ್ಕ ಗ್ಲೌಸ್ ಎತ್ತಿಕೊಂಡು ಮೂರನೇ ಬೇಸಿನ ಪಕ್ಕ ಹೋಗಿ ಬಾಗಿ ನಿಂತ. ದುಭಾಷಿ ಅಂಗಿಯ ತೋಳು ಮಡಿಸಿ, ಬುಟ್ಟಿಯಿಂದ ಒಂದೊಂದೇ ಚೆಂಡು ತೆಗೆದು ನೆಲದ ಮೇಲೆ ಉರುಳಿಸತೊಡಗಿದ. ಹಿಡಿದ, ತಿರುಗಿದ, ಯಾರೂ ಇಲ್ಲದ ಮೊದಲ ಬೇಸಿನ ಕಡೆ ಎಸೆಯುವಂತೆ ಕೈ ಬೀಸಿದ. ಮತ್ತೊಂದು. ಮತ್ತೊಂದು. ನೀರಿನ ಪೈಪು ಹಿಡಿದಿದ್ದ ನಡುವಯಸ್ಸಿನ ಕೆಲಸಗಾರರು ಒಮ್ಮೆ ಗಡಿಯಾರ ನೋಡಿದರು. ಆಮೇಲೆ ಪೈಪನ್ನು ಕಾಲ ಬಳಿ ಇಟ್ಟು, ಟೋಪಿ ತೆಗೆದು ಬೆವರು ಒರೆಸಿಕೊಂಡು, ಅವನು ಮುಗಿಸಲೆಂದು ಬಿಸಿಲಿನಲ್ಲೇ ಕಾಯುತ್ತ ನಿಂತರು.